ಬಿಡಿ ಭಾಗಗಳ ಸಾಫ್ಟ್‌ವೇರ್: ಫೋನ್ ನಿಧಾನವಾಗುತ್ತದೆಯೇ?

ಪ್ರಶ್ನೆ: ನನ್ನ ಹಳೇ ಆಂಡ್ರಾಯ್ಡ್ ಫೋನ್‌ಗೆ ಎರಡೇ ವರ್ಷಕ್ಕೆ ಅಪ್‌ಡೇಟ್ ನಿಂತುಹೋಯಿತು. ಈಗಿನ ಫೋನ್‌ಗಳಲ್ಲಿ ಸಾಫ್ಟ್‌ವೇರನ್ನು ಬಿಡಿ ಬಿಡಿ ಭಾಗಗಳಾಗಿ ಮಾಡಿರುವುದರಿಂದ ಆ ತೊಂದರೆ ಕಡಿಮೆ ಅಂತಾರೆ. ಹಾಗೆ ಬಿಡಿಸಿಟ್ಟರೆ ಫೋನ್ ನಿಧಾನ ಆಗಲ್ವಾ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಆಗುತ್ತದೆ, ನಿಮ್ಮ ಅನುಮಾನ ಸರಿಯಾಗಿದೆ. ಎಷ್ಟು ಅನ್ನುವುದು ಮಾತ್ರ ಭಾಗಗಳ ನಡುವೆ ಗೋಡೆ ಎಲ್ಲಿ ಕಟ್ಟಿದ್ದಾರೆ ಅನ್ನುವುದರ ಮೇಲಿದೆ.

ಮೊದಲು ಆಂಡ್ರಾಯ್ಡ್‌ನಲ್ಲಿ ಚಿಪ್ ಕಂಪನಿಯ ಕೋಡೂ ಗೂಗಲ್‌ನ ಕೋಡೂ ಹೆಣೆದುಕೊಂಡಿದ್ದವು. ಹೊಸ ಆವೃತ್ತಿ ಬಂದಾಗ ಚಿಪ್‌ನವರು ತಮ್ಮ ಭಾಗ ತಿದ್ದಿಕೊಡಬೇಕು, ಆಮೇಲೆ ಫೋನ್ ಕಂಪನಿಯ ಸರದಿ. ಚಿಪ್‌ನವರು ಕೈಬಿಟ್ಟರೆ ಅಲ್ಲಿಗೆ ಮುಗೀತು. 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಬಂದ 'ಪ್ರಾಜೆಕ್ಟ್ ಟ್ರೆಬಲ್' ಇವೆರಡನ್ನೂ ಬೇರೆ ಮಾಡಿತು. ಚಿಪ್‌ನವರ ಕೋಡಿಗೆ ಅದರದೇ ಪಾರ್ಟಿಷನ್ (ಸ್ಟೋರೇಜಿನಲ್ಲಿ ಬೇರೆ ಜಾಗ), ಅದರದೇ ಪ್ರೊಸೆಸ್ (ತನ್ನದೇ ಮೆಮೊರಿಯಲ್ಲಿ ಬೇರೆಯಾಗಿ ಓಡುವ ಪ್ರೋಗ್ರಾಂ). ಆಂಡ್ರಾಯ್ಡ್ ಅದರ ಜೊತೆ 'ಬೈಂಡರ್' ಎಂಬ, ಪ್ರೊಸೆಸ್‌ಗಳ ನಡುವೆ ಸಂದೇಶ ಸಾಗಿಸುವ ವ್ಯವಸ್ಥೆಯ ಮೂಲಕ ಮಾತಾಡಬೇಕು.

ಪ್ರತಿ ಮಾತೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ದಾಟಿ ಹೋಗುವುದರಿಂದ ಚೂರು ಸಮಯ, ಚೂರು ಬ್ಯಾಟರಿ ಖರ್ಚು. ಬೆರಳಚ್ಚು ಓದುವಾಗ ಇದು ಗೊತ್ತೇ ಆಗಲ್ಲ. ಗೇಮ್ ಆಡುವಾಗ ಕಥೆ ಬೇರೆ. 60 ಹರ್ಟ್ಸ್ ಪರದೆಯಲ್ಲಿ, ಅಂದರೆ ಸೆಕೆಂಡಿಗೆ 60 ಚಿತ್ರ ತೋರಿಸುವ ಪರದೆಯಲ್ಲಿ, ಒಂದು ಫ್ರೇಮಿಗೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಅಷ್ಟರೊಳಗೆ ನೂರಾರು ಸಲ ಗ್ರಾಫಿಕ್ಸ್ ಡ್ರೈವರನ್ನು (ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಕರೆಯಬೇಕು. ಅದಕ್ಕೇ ಗ್ರಾಫಿಕ್ಸ್ ಡ್ರೈವರನ್ನು ಗೂಗಲ್ ಬೇರೆ ಪ್ರೊಸೆಸ್‌ಗೆ ಕಳಿಸಲಿಲ್ಲ. ಅದು ಆ್ಯಪ್‌ನ ಪ್ರೊಸೆಸ್ ಒಳಗೇ ಓಡುತ್ತದೆ. ಆಡಿಯೊಗೆ ಇನ್ನೊಂದು ಉಪಾಯ: ಎರಡೂ ಕಡೆಯವರು ಒಂದೇ ಮೆಮೊರಿಯಲ್ಲಿ ಬರೆದು ಓದುತ್ತಾರೆ, ಸಲಸಲಕ್ಕೂ ಕರ್ನಲ್ ಬಾಗಿಲು ತಟ್ಟುವುದಿಲ್ಲ. ನನಗೆ ಇದು ಜಾಣ ರಾಜಿ ಅನ್ನಿಸುತ್ತದೆ.

ಬಿಡಿಸಿದ್ದರಿಂದ ಸುರಕ್ಷತೆಯೂ ಹೆಚ್ಚಿತು. 2015ರಲ್ಲಿ ಸಿಕ್ಕ 'ಸ್ಟೇಜ್‌ಫ್ರೈಟ್' ದೋಷದಲ್ಲಿ ಒಂದು ಎಂಎಂಎಸ್ ವಿಡಿಯೊ ಕಳಿಸಿಯೇ ಫೋನ್‌ನೊಳಗೆ ನುಗ್ಗಬಹುದಿತ್ತು. ಆಗ ಮೀಡಿಯಾ ಕೆಲಸವೆಲ್ಲ ಒಂದೇ ಪ್ರೊಸೆಸ್‌ನಲ್ಲಿತ್ತು, ಅದಕ್ಕೆ ಅಧಿಕಾರವೂ ಜಾಸ್ತಿ. ಆಂಡ್ರಾಯ್ಡ್ 7ರಲ್ಲಿ ಅದನ್ನು ಒಡೆದರು. ಆಂಡ್ರಾಯ್ಡ್ 10ರಿಂದ ಇಂಥ ಕೆಲವು ಭಾಗಗಳು ಫೋನ್ ಕಂಪನಿಗೆ ಕಾಯದೆ ನೇರ ಗೂಗಲ್‌ನಿಂದಲೇ ಬರುತ್ತವೆ. ಸೆಟ್ಟಿಂಗ್ಸ್‌ನಲ್ಲಿ 'ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್' ಅಂತ ಕಾಣುವ ತಾರೀಖು ಅದರದ್ದೇ.

ಆ್ಯಪಲ್‌ಗೆ ಈ ಪಂಚಾಯ್ತಿ ಇಲ್ಲ. ಚಿಪ್ಪೂ ಅವರದೇ, ಸಾಫ್ಟ್‌ವೇರೂ ಅವರದೇ. 2017ರ ಐಫೋನ್ 8 ಬರೀ 2 ಜಿಬಿ ರ‍್ಯಾಮ್‌ನಲ್ಲೇ ಚುರುಕಾಗಿ ಓಡಿತು.

ಒಂದು ಎಚ್ಚರಿಕೆ: ಟ್ರೆಬಲ್ ಇದೆ ಅಂದಮಾತ್ರಕ್ಕೆ ಅಪ್‌ಡೇಟ್ ತಾನಾಗೇ ಬರಲ್ಲ, ಕಂಪನಿ ಮನಸ್ಸು ಮಾಡಬೇಕು. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷದ ಭರವಸೆ ಕೊಟ್ಟಿದ್ದಾರೆ. ನೀವು ಕೊಳ್ಳುವ ಫೋನ್‌ಗೆ ಎಷ್ಟು ವರ್ಷ ಅಂತ ಕಂಪನಿಯ ವೆಬ್‌ಸೈಟಿನಲ್ಲಿ ನೋಡಿಕೊಂಡೇ ದುಡ್ಡು ಕೊಡಿ. ಅಂಗಡಿಯವರ ಬಾಯಿಮಾತು ಸಾಲದು.