ಬಾಂಗ್ಸಾಮೊರೊ ಚುನಾವಣೆಗೆ ವೀಕ್ಷಕರಾಗಿ ಹೋಗುವುದಾದರೆ ಮತದಾನದ ದಿನವನ್ನಷ್ಟೇ ಆರಿಸಿಕೊಳ್ಳಬೇಡಿ

ಫಿಲಿಪ್ಪೀನ್ಸ್‌ನ ದಕ್ಷಿಣದ ಮುಸ್ಲಿಂ ಸ್ವಾಯತ್ತ ಪ್ರದೇಶವಾದ ಬಾಂಗ್ಸಾಮೊರೊದ ಸಂಸತ್ತಿನ ಚುನಾವಣೆಗೆ ಸ್ವಯಂಸೇವಕ ವೀಕ್ಷಕರಾಗಿ ಹೋಗುವ ಅವಕಾಶ ನಿಮಗೆ ಸಿಕ್ಕಿದೆ; ಮತದಾನದ ದಿನ, ಮತ ಎಣಿಕೆ, ಚುನಾವಣಾ ಪೂರ್ವದ ಎರಡು ವಾರ ಎಂಬ ಮೂರರಲ್ಲಿ ಯಾವುದನ್ನು ಆರಿಸಬೇಕು, ಬಂದೂಕಿನ ಸದ್ದಿಲ್ಲದೆ ಮತದಾನ ಮುಗಿದರೆ ಅದನ್ನು ನ್ಯಾಯಸಮ್ಮತವೆಂದು ಬರೆಯಬಹುದೇ ಎಂದು ಕೇಳಿದ್ದೀರಿ. 2008ರ ಜುಲೈನಲ್ಲಿ ನನ್ನ ತಲೆಯಲ್ಲಿ ಇದ್ದದ್ದೂ ಈ ಎರಡೇ ಪ್ರಶ್ನೆಗಳು.

ನಾನು ಆಗ ದಾವಣಗೆರೆ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕನಾಗಿದ್ದೆ. ಅದೇ ವರ್ಷದ ಮೇ ತಿಂಗಳಲ್ಲಿ ಕರ್ನಾಟಕ ವಿಧಾನಸಭೆಯ ಚುನಾವಣೆ ಮೂರು ಹಂತಗಳಲ್ಲಿ ನಡೆದಾಗ ಮತಗಟ್ಟೆ ಅಧ್ಯಕ್ಷಾಧಿಕಾರಿಯಾಗಿ ಕೆಲಸ ಮಾಡಿದ್ದೆ. ಮತಗಟ್ಟೆಯ ಸಾಮಗ್ರಿ ಪಡೆಯುವ ಮಸ್ಟರಿಂಗ್‌ನಿಂದ ಹಿಡಿದು ಅದನ್ನು ಮರಳಿಸುವ ಡಿಮಸ್ಟರಿಂಗ್ ಮುಗಿಸಿ ಬೆಳಗಿನ ಜಾವ ಮನೆ ಸೇರುವವರೆಗಿನ ಆ ಕೆಲಸವನ್ನು ನಾಲ್ಕೈದು ಬಾರಿ ಮಾಡಿದ್ದವನಿಗೆ, ಬೇರೆ ದೇಶದ ಮತಗಟ್ಟೆಯನ್ನು ನೋಡಿದೊಡನೆ ಎಲ್ಲವೂ ಅರ್ಥವಾಗುತ್ತದೆ ಎಂಬ ನಂಬಿಕೆ ಇತ್ತು. ಏಷ್ಯಾದ ಹಲವು ದೇಶಗಳ ಸ್ವಯಂಸೇವಕರಿದ್ದ ಒಂದು ತಂಡದ ಜೊತೆ, ಆಗ ‘ಮುಸ್ಲಿಂ ಮಿಂಡನಾವೊ ಸ್ವಾಯತ್ತ ಪ್ರದೇಶ’ ಎಂದು ಕರೆಯಲಾಗುತ್ತಿದ್ದ ಆ ನಾಡಿಗೆ, ಆಗಸ್ಟ್ 11ರ ಚುನಾವಣೆಗಾಗಿ ಹೋದೆ.

ನಾವು ತಲುಪಿದ ವಾರವೇ ಪರಿಸ್ಥಿತಿ ಕೆಟ್ಟಿತ್ತು. ಸರ್ಕಾರ ಮತ್ತು ಅಲ್ಲಿನ ಸಶಸ್ತ್ರ ಬಂಡಾಯ ಸಂಘಟನೆಯಾದ ಮೊರೊ ಇಸ್ಲಾಮಿಕ್ ವಿಮೋಚನಾ ರಂಗದ ನಡುವಿನ ಪೂರ್ವಜರ ಭೂಮಿಯ ಒಪ್ಪಂದಕ್ಕೆ ಸಹಿ ಬೀಳಬೇಕಿದ್ದ ಮುನ್ನಾದಿನ, ಅಂದರೆ ಆಗಸ್ಟ್ 4ರಂದು, ಅಲ್ಲಿನ ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತ್ತು. ಉತ್ತರ ಕೊತಬಾತೊದ ಹಳ್ಳಿಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟಿದ್ದರು. ಹೀಗಾಗಿ ನಮ್ಮೆಲ್ಲರ ಗಮನ ಬಂದೂಕಿನ ಮೇಲೆಯೇ ನಿಂತಿತು. ನಮಗೆ ಕೊಟ್ಟ ತರಬೇತಿಯ ಅರ್ಧ ಭಾಗ, ಗುಂಡಿನ ಸದ್ದು ಕೇಳಿದರೆ ಎಲ್ಲಿ ಮಲಗಬೇಕು ಎಂಬುದಕ್ಕೇ ಮೀಸಲಾಗಿತ್ತು.

ನನ್ನನ್ನು ಹಾಕಿದ್ದು ಲಾನಾವೊ ಡೆಲ್ ಸುರ್ ಪ್ರಾಂತ್ಯದ, ಲಾನಾವೊ ಸರೋವರದ ದಂಡೆಯ ಒಂದು ಸಣ್ಣ ಪಟ್ಟಣಕ್ಕೆ. ಅಲ್ಲಿಯೂ ಮತಗಟ್ಟೆ ಎಂದರೆ ಸರ್ಕಾರಿ ಶಾಲೆಯ ತರಗತಿಯೇ, ಮತಗಟ್ಟೆಯ ಸಿಬ್ಬಂದಿ ಎಂದರೆ ಶಾಲಾ ಶಿಕ್ಷಕರೇ. ಫಿಲಿಪ್ಪೀನ್ಸ್‌ನ ಚುನಾವಣೆಗಳಲ್ಲಿ ಯಂತ್ರಗಳನ್ನು ಇಡೀ ಒಂದು ಪ್ರದೇಶಕ್ಕೆ ಮೊದಲು ಬಳಸಿದ್ದು ಆ ವರ್ಷ: ಮಗಿಂದನಾವೊ ಪ್ರಾಂತ್ಯದಲ್ಲಿ ಪರದೆ ಮುಟ್ಟಿ ಮತ ಹಾಕುವ ಯಂತ್ರ, ಉಳಿದ ಪ್ರಾಂತ್ಯಗಳಲ್ಲಿ ಕಾಗದದ ಮೇಲಿನ ಅಂಡಾಕಾರದ ಗುರುತು ತುಂಬಿ, ಆಮೇಲೆ ಆ ಕಾಗದಗಳನ್ನು ಎಣಿಕೆ ಕೇಂದ್ರದಲ್ಲಿ ಯಂತ್ರಕ್ಕೆ ಕೊಡುವ ಪದ್ಧತಿ. ನಾನು ಆ ಯಂತ್ರದ ಮೊಹರು, ಪೆಟ್ಟಿಗೆಯ ಬೀಗ, ಕಾಗದದ ಕ್ರಮಸಂಖ್ಯೆ, ಎಲ್ಲವನ್ನೂ ಪರೀಕ್ಷಿಸಲು ಸಿದ್ಧನಾಗಿ ಹೋಗಿದ್ದೆ, ಮತ್ತು ಅವೆಲ್ಲವೂ ಸರಿಯಾಗಿಯೇ ಇದ್ದವು.

ಮತದಾನ ಬೆಳಿಗ್ಗೆ 7ಕ್ಕೆ ಆರಂಭವಾಗಿತ್ತು. ನಾನು ಆ ತರಗತಿಯನ್ನು ಹೊಕ್ಕಾಗ 8 ಗಂಟೆ 40 ನಿಮಿಷ. ಮತಗಟ್ಟೆಯ ಮುಖ್ಯಸ್ಥೆ ಸರೋವರದ ಸುತ್ತಲಿನ ಮರಾನಾವೊ ಎಂಬ ಮುಸ್ಲಿಂ ಸಮುದಾಯದ, ಸುಮಾರು ಐವತ್ತು ವರ್ಷದ ಶಿಕ್ಷಕಿ, ತಲೆಗೆ ಕಂದು ಬಣ್ಣದ ವಸ್ತ್ರ ಹೊದ್ದಿದ್ದರು. ಬಾಗಿಲಲ್ಲಿ ಒಬ್ಬ ಯುವಕ ನಿಂತಿದ್ದ; ಅವನು ಆ ಊರನ್ನು ಆಳುವ ಮನೆತನದವನೆಂದು ಸಂಜೆ ತಿಳಿಯಿತು. ನಾನು ಶಿಕ್ಷಕನೆಂದು ನನ್ನ ದುಭಾಷಿ ಹೇಳಿದಾಗ ಆಕೆ, “ಯಾವ ವಿಷಯ, ಸರ್?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗಣಿತ ಎಂದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, ಮತದಾರರ ಪಟ್ಟಿಯನ್ನು ನನ್ನ ಕಡೆಗೆ ತಿರುಗಿಸಿ, “ಹಾಗಾದರೆ ಇದನ್ನು ನೋಡಿ, ಸರ್” ಎಂದರು. ಪಟ್ಟಿಯಲ್ಲಿ 196 ಹೆಸರುಗಳಿದ್ದವು. 163 ಹೆಸರುಗಳ ಮುಂದೆ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಬಿದ್ದಿತ್ತು. ನಾನು ನನ್ನ ನಮೂನೆಯ ಅಂಕಣದಲ್ಲಿ 163 ಎಂದು ಬರೆದುಕೊಂಡೆ, ಪಕ್ಕದಲ್ಲಿ ‘ದಾಖಲೆಗಳು ಕ್ರಮಬದ್ಧವಾಗಿವೆ, ಮತದಾನ ಶಾಂತಿಯುತ’ ಎಂದು ಸೇರಿಸಿದೆ, ಆಕೆಗೆ ವಂದಿಸಿದೆ.

ನನ್ನ ತಪ್ಪು ಅಲ್ಲಿ ನಡೆಯಿತು, ಮತ್ತು ಅದನ್ನು ಪೂರ್ತಿಯಾಗಿ ಬಿಡಿಸಿ ಹೇಳದಿದ್ದರೆ ಈ ಉತ್ತರ ಬರೆದು ಪ್ರಯೋಜನವಿಲ್ಲ. ನಾನು ಅಂಕಿಯನ್ನು ನಕಲು ಮಾಡಿದೆ, ಭಾಗಿಸಲಿಲ್ಲ. ಏಳರಿಂದ ಎಂಟು ನಲವತ್ತರವರೆಗೆ 100 ನಿಮಿಷ. 163 ಜನ ಎಂದರೆ ಒಬ್ಬೊಬ್ಬರಿಗೆ 37 ಸೆಕೆಂಡು. ತರಗತಿಯಲ್ಲಿ ಏಕಕಾಲಕ್ಕೆ ಹಲವರು ಕುಳಿತು ಗುರುತು ತುಂಬಬಹುದಿತ್ತು ಎಂದು ನೀವು ಹೇಳಬಹುದು, ಅದು ನಿಜ. ಆದರೆ ಹೆಸರು ಹುಡುಕುವ ಮೇಜು ಒಂದೇ, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮಸಿಯ ಪ್ಯಾಡ್ ಒಂದೇ, ಮತಪತ್ರ ಕೊಡುವ ಕೈ ಒಂದೇ. ನಾನು ಅಲ್ಲಿ ನಿಂತ 20 ನಿಮಿಷಗಳಲ್ಲಿ ಆ ಮೇಜನ್ನು ದಾಟಿದವರು 9 ಜನ. ಆ ವೇಗದಲ್ಲಿ 100 ನಿಮಿಷಗಳಿಗೆ 45 ಜನರಾಗುತ್ತಾರೆ. ಉಳಿದ 118 ಗುರುತುಗಳು ಎಲ್ಲಿಂದ ಬಂದವು? ಮೂರು ತಿಂಗಳ ಹಿಂದೆ ನಮ್ಮ ಮತಗಟ್ಟೆಯಲ್ಲಿ, ಪ್ರತಿ ಎರಡು ಗಂಟೆಗೊಮ್ಮೆ ಸೆಕ್ಟರ್ ಅಧಿಕಾರಿಗೆ ಶೇಕಡಾವಾರು ಮತದಾನ ತಿಳಿಸಲು ನಾನು ಇದೇ ಲೆಕ್ಕವನ್ನು ಮಾಡಿದ್ದೆ. ಬರೀ ಗುಂಡಿ ಒತ್ತುವ ಯಂತ್ರದಲ್ಲೂ ಗಂಟೆಗೆ 60 ಜನ ದಾಟಿದರೆ ನಮಗೆ ಬೆವರೊರೆಸಿಕೊಳ್ಳಲು ಪುರುಸೊತ್ತಿರುತ್ತಿರಲಿಲ್ಲ. ಮತದಾರರ ಸಹಿ, ಹೆಬ್ಬೆಟ್ಟು ಪಡೆಯುವ ನಮ್ಮ ನಮೂನೆ 17ಎ ವಹಿಯನ್ನು ಎಷ್ಟೋ ಬಾರಿ ತುಂಬಿದ ನನಗೆ, ಒಂದೇ ಪುಟದಲ್ಲಿ ಒಂದೇ ಓರೆಯಲ್ಲಿ, ಒಂದೇ ಗಾಢತೆಯಲ್ಲಿ ಸಾಲಾಗಿ ಬಿದ್ದ ಹೆಬ್ಬೆಟ್ಟುಗಳು ಬೇರೆ ಬೇರೆ ಜನರವಲ್ಲ ಎಂದು ತಿಳಿಯಬೇಕಿತ್ತು. ಆಕೆ ಪುಟವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಡಿಸಿ ಹಿಡಿದಿದ್ದರು. ಬಾಗಿಲಲ್ಲಿ ಆ ಯುವಕ ಇದ್ದುದರಿಂದ ಬಾಯಿಬಿಟ್ಟು ಹೇಳಲಾಗದ್ದನ್ನು ಗಣಿತದ ಶಿಕ್ಷಕನಿಗೆ ಅಂಕಿಯ ಮೂಲಕ ಹೇಳಿದ್ದರು.

ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಮರಳಿ ಬಂದು ಎರಡು ತಿಂಗಳಾದ ಮೇಲೆ ನನ್ನ ದುಭಾಷಿಯಿಂದ ಪತ್ರ ಬಂತು. ಸೋತ ಪಕ್ಷದವರು ತಕರಾರು ಅರ್ಜಿ ಹಾಕಿದ್ದರು. ಆ ಶಿಕ್ಷಕಿ, ಮತದಾನ ಆರಂಭವಾಗುವ ಮುನ್ನವೇ ಪಟ್ಟಿಯ ಪುಟಗಳನ್ನು ತುಂಬಲಾಗಿತ್ತು ಎಂದು ಪ್ರಮಾಣಪತ್ರ ಕೊಟ್ಟಿದ್ದರು. ಅದಕ್ಕೆ ಎದುರಾಗಿ ಗೆದ್ದವರ ವಕೀಲರು ಹಾಜರುಪಡಿಸಿದ್ದು ನನ್ನ ನಮೂನೆಯ ಪ್ರತಿಯನ್ನು. ವಿದೇಶಿ ವೀಕ್ಷಕನೇ, ಅದೂ ಅನುಭವಿ ಮತಗಟ್ಟೆ ಅಧಿಕಾರಿಯೇ ದಾಖಲೆ ಕ್ರಮಬದ್ಧವೆಂದು ಬರೆದಿರುವಾಗ ಈಕೆಯ ಮಾತಿಗೆ ಬೆಲೆ ಎಲ್ಲಿಯದು ಎಂಬುದು ಅವರ ವಾದ. ನಾನು ತಿದ್ದುಪಡಿಯ ಹೇಳಿಕೆ ಬರೆದು ತಂಡಕ್ಕೆ ಕಳುಹಿಸಿದೆ. ಒಮ್ಮೆ ಸಲ್ಲಿಸಿದ ನಮೂನೆಯನ್ನು ಬದಲಿಸಲಾಗದು ಎಂಬ ಉತ್ತರ ಬಂತು. ಅರ್ಜಿ ಬಿದ್ದುಹೋಯಿತು. ಆಕೆಯನ್ನು ಮನೆಯಿಂದ ಬಹುದೂರದ ಶಾಲೆಗೆ ವರ್ಗ ಮಾಡಿದರೆಂದು ಕೇಳಿದೆ. ನಾನು ಬರೆದ ಕ್ಷಮೆಯ ಪತ್ರಕ್ಕೆ ಉತ್ತರ ಬರಲಿಲ್ಲ, ಬರಬೇಕೆಂದು ನಿರೀಕ್ಷಿಸುವ ಹಕ್ಕೂ ನನಗಿಲ್ಲ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ, ‘ಮುಸ್ಲಿಂ ಸ್ವಾಯತ್ತ ಪ್ರದೇಶವಾದ್ದರಿಂದ ಅಲ್ಲಿ ಚುನಾವಣೆಯ ಸಂಸ್ಕೃತಿ ಬೇರೂರಿಲ್ಲವೇನೋ’ ಎಂಬ ಒಂದು ಸಾಲಿದೆ. ಇದನ್ನು ನಾನು ಒಪ್ಪುವುದಿಲ್ಲ. ಆ ತರಗತಿಯಲ್ಲಿ ಚುನಾವಣೆಯನ್ನು ಉಳಿಸಲು ಯತ್ನಿಸಿದ್ದು ಒಬ್ಬ ಮುಸ್ಲಿಂ ಶಿಕ್ಷಕಿ, ಕೈಬಿಟ್ಟದ್ದು ನಾನು. ಅಲ್ಲಿನ ಮತಗಳನ್ನು ಸಗಟಾಗಿ ಬಳಸಿಕೊಂಡ ರಾಜಧಾನಿ ಮನಿಲಾದ ರಾಜಕಾರಣಿಗಳ ಪಾತ್ರವನ್ನು ಬಿಟ್ಟು ಈ ಕಥೆ ಹೇಳಲಾಗದು. 2004ರ ಅಧ್ಯಕ್ಷೀಯ ಚುನಾವಣೆಯ ಎಣಿಕೆಯ ವೇಳೆ ಚುನಾವಣಾ ಆಯೋಗದ ಅಧಿಕಾರಿಯೊಬ್ಬರ ಜೊತೆ ದೂರವಾಣಿಯಲ್ಲಿ ಮಾತನಾಡಿದ್ದಕ್ಕೆ, ಮತ ತಿರುಚಿದ ಆರೋಪದ ನಡುವೆ, ಅಧ್ಯಕ್ಷೆ ಗ್ಲೋರಿಯಾ ಮಕಪಗಲ್ ಅರೋಯೊ 2005ರ ಜೂನ್‌ನಲ್ಲಿ ಟಿ.ವಿ.ಯಲ್ಲಿ ಕ್ಷಮೆ ಕೇಳಿದರು. 2007ರಲ್ಲಿ ಮಗಿಂದನಾವೊ ಪ್ರಾಂತ್ಯ ಸೆನೆಟ್‌ನ 12 ಸ್ಥಾನಗಳಲ್ಲೂ ಆಡಳಿತ ಕೂಟಕ್ಕೇ ಮುನ್ನಡೆ ಕೊಟ್ಟಿತೆಂದು ಘೋಷಿಸಲಾಯಿತು. ಆ ಚುನಾವಣೆಯ ಹನ್ನೆರಡನೆಯ ಸ್ಥಾನದಲ್ಲಿ ಕುಳಿತಿದ್ದ ಹುವಾನ್ ಮಿಗೆಲ್ ಜುಬಿರಿ ಮತ ಅಕ್ರಮದ ಆರೋಪಗಳ ನಡುವೆ 2011ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟು, ಅವರ ಎದುರಾಳಿ ಕೊಕೊ ಪಿಮೆಂಟೆಲ್ ಆ ಸ್ಥಾನಕ್ಕೆ ಬರುವ ಹೊತ್ತಿಗೆ ಆರು ವರ್ಷಗಳ ಅವಧಿಯ ಬಹುಪಾಲು ಮುಗಿದಿತ್ತು. ನಾನು ನೋಡಿದ 2008ರ ಚುನಾವಣೆಯಲ್ಲಿ ಪ್ರಾದೇಶಿಕ ಗವರ್ನರ್ ಆಗಿ ಮರು ಆಯ್ಕೆಯಾದವರು ಜಾಲ್ಡಿ ಅಂಪತುವಾನ್. ಮರುವರ್ಷ ನವೆಂಬರ್ 23ರಂದು ಮಗಿಂದನಾವೊದಲ್ಲಿ, ಅಂಪತುವಾನ್ ಮನೆತನದ ಎದುರಾಳಿಯ ನಾಮಪತ್ರ ಸಲ್ಲಿಸಲು ಹೊರಟಿದ್ದವರನ್ನೂ ದಾರಿಹೋಕರನ್ನೂ ಸೇರಿಸಿ 58 ಜನರನ್ನು ಕೊಲ್ಲಲಾಯಿತು, ಅವರಲ್ಲಿ 32 ಮಂದಿ ಪತ್ರಕರ್ತರು ಮತ್ತು ಮಾಧ್ಯಮ ಸಿಬ್ಬಂದಿ. ಆ ಪ್ರಕರಣದಲ್ಲಿ ಜಾಲ್ಡಿ ಮತ್ತು ಅವರ ಕೆಲವು ಸಹೋದರರಿಗೆ 2019ರ ಡಿಸೆಂಬರ್‌ನಲ್ಲಿ ಶಿಕ್ಷೆಯಾಯಿತು. ಆ ಸುದ್ದಿ ಓದುವಾಗೆಲ್ಲ ನಾನು ಬರೆದ ‘ಶಾಂತಿಯುತ’ ಎಂಬ ಪದ ಕಣ್ಣ ಮುಂದೆ ಬರುತ್ತದೆ. ಮನೆತನವೊಂದರ ಹಿಡಿತ ಗಟ್ಟಿಯಾಗಿದ್ದ ಕಡೆ ಮತದಾನದ ದಿನ ಬಂದೂಕು ಹೊರಬರಬೇಕಾದ ಅಗತ್ಯವೇ ಬೀಳುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ನೀವು ಚುನಾವಣಾ ಪೂರ್ವದ ಎರಡು ವಾರಗಳನ್ನೇ ಆರಿಸಬೇಕು, ಅದೂ ಮತದಾರರ ಪಟ್ಟಿಯ ಜೊತೆ ಕೂರಲು. 2012ರಲ್ಲಿ ಆ ಪ್ರದೇಶದ ಇಡೀ ಮತದಾರರ ಪಟ್ಟಿಯನ್ನು ರದ್ದುಮಾಡಿ ಹೊಸದಾಗಿ ನೋಂದಣಿ ಮಾಡಬೇಕಾಗಿ ಬಂದಿತ್ತು ಎಂದರೆ ರೋಗ ಎಲ್ಲಿತ್ತು ಎಂಬುದು ಸ್ಪಷ್ಟ. ಈಗಿನ ಬಾಂಗ್ಸಾಮೊರೊದಲ್ಲಂತೂ ಒಂದು ಮತ ಬೀಳುವ ಮೊದಲೇ ವಿವಾದ ನಿಂತಿದೆ: 2022ಕ್ಕೆ ನಡೆಯಬೇಕಿದ್ದ ಮೊದಲ ಸಂಸತ್ ಚುನಾವಣೆ 2025ರ ಮೇ ತಿಂಗಳಿಗೆ, ಅಲ್ಲಿಂದ ಅಕ್ಟೋಬರ್ 13ಕ್ಕೆ ಹೋಯಿತು, 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಸುಲು ಪ್ರಾಂತ್ಯವನ್ನು ಹೊರಗಿಟ್ಟಿದ್ದರಿಂದ ಅದರ ಪಾಲಿನ 7 ಸ್ಥಾನಗಳನ್ನು ಹೇಗೆ ಹಂಚಬೇಕೆಂಬ ಜಗಳ ಎದ್ದಿತು, ಆ ಹಂಚಿಕೆಯ ಕಾಯ್ದೆಯೂ ನ್ಯಾಯಾಲಯದಲ್ಲಿ ಬಿದ್ದು ಅಕ್ಟೋಬರ್ ದಿನಾಂಕವೂ ಕೈತಪ್ಪಿತು. 80 ಸ್ಥಾನಗಳ ಸಂಸತ್ತಿನ ಕ್ಷೇತ್ರದ ಗೆರೆಗಳನ್ನು ಯಾರು ಎಳೆದರು ಎಂದು ತಿಳಿಯದೆ ಮತಪೆಟ್ಟಿಗೆಯ ಬೀಗ ನೋಡುವವರ ವರದಿ ಯಾರಿಗೂ ಬೇಕಾಗುವುದಿಲ್ಲ. ಎಣಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಂತ್ರ ತನಗೆ ಕೊಟ್ಟ ಕಾಗದವನ್ನು ಸರಿಯಾಗಿಯೇ ಎಣಿಸುತ್ತದೆ.

ನಿಮ್ಮ ಸುರಕ್ಷತೆಯ ಬಗ್ಗೆಯೂ ಕೇಳಿದ್ದೀರಿ. ನಿಮಗಿಂತ ಹೆಚ್ಚಿನ ಅಪಾಯ ನಿಮ್ಮ ಜೊತೆ ಮಾತನಾಡುವ ಶಿಕ್ಷಕರಿಗೆ. 2016ರ ಕಾನೂನಿನ ಪ್ರಕಾರ ಅಲ್ಲಿ ಶಿಕ್ಷಕರಿಗೆ ಚುನಾವಣಾ ಕೆಲಸ ಕಡ್ಡಾಯವಲ್ಲ, ಆದರೂ ಬಂದು ಕುಳಿತವರು ಯೋಚಿಸಿಯೇ ಬಂದಿರುತ್ತಾರೆ. ಅವರ ಹೆಸರನ್ನು ನಿಮ್ಮ ನಮೂನೆಯಲ್ಲಿ ಬರೆಯಬೇಡಿ, ಬಾಗಿಲ ಬಳಿ ನಿಂತವರ ಎದುರು ಪ್ರಶ್ನೆ ಕೇಳಬೇಡಿ.

ತಂಡದವರು ಮತದಾನದ ದಿನವೂ ನಿಮ್ಮನ್ನು ಕಳುಹಿಸಿಯೇ ಕಳುಹಿಸುತ್ತಾರೆ. ಆಗ ಹತ್ತು ಮತಗಟ್ಟೆ ಸುತ್ತುವುದನ್ನು ಬಿಟ್ಟು ಎರಡರಲ್ಲಿ ನಿಲ್ಲಿ. ಒಳಗೆ ಹೋದ ಸಮಯ, ಪಟ್ಟಿಯಲ್ಲಿ ಬಿದ್ದಿರುವ ಗುರುತುಗಳ ಸಂಖ್ಯೆ, ಅನಂತರದ 20 ನಿಮಿಷಗಳಲ್ಲಿ ಮೇಜು ದಾಟಿದವರ ಸಂಖ್ಯೆ, ಈ ಮೂರನ್ನು ಬರೆದುಕೊಂಡು ಅಲ್ಲೇ ಭಾಗಿಸಿ. ‘ಶಾಂತಿಯುತ’, ‘ಕ್ರಮಬದ್ಧ’ ಎಂಬ ಪದಗಳಿಗೆಂದು ನಮೂನೆಯಲ್ಲಿ ಚೌಕ ಇದ್ದರೆ ಅದನ್ನು ಖಾಲಿ ಬಿಡಿ. ಸಮಯಕ್ಕೆ ಅಂಕಣ ಇಲ್ಲದಿದ್ದರೆ ಅಂಚಿನಲ್ಲಿ ನೀವೇ ಪೆನ್ನಿನಿಂದ ಗೆರೆ ಎಳೆದುಕೊಳ್ಳಿ.