ತುಮಕೂರಿನಲ್ಲಿ ಜಾತಿವಾರು ಎಚ್‌ಐವಿ ಲೆಕ್ಕ ತೆಗೆಯಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದ ಊರುಗಳಲ್ಲಿ ಬಿಳಿಯರಲ್ಲಿ ಇಷ್ಟು, ಕಪ್ಪು ಜನರಲ್ಲಿ ಇಷ್ಟು, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದ) ಜನರಲ್ಲಿ ಇಷ್ಟು ಎಂದು ಎಚ್‌ಐವಿ ಲೆಕ್ಕ ಸಿಗುತ್ತದೆ. ತುಮಕೂರು ನಗರಕ್ಕೂ ಅದೇ ಥರ ಜಾತಿ, ಧರ್ಮದ ಪ್ರಕಾರ ಅಂದಾಜು ಮಾಡುವುದು ಹೇಗೆ? ಎಂ.ಎಸ್ಸಿ ಪ್ರಾಜೆಕ್ಟ್‌ಗೆ ಬೇಕು, ಮೂರು-ನಾಲ್ಕು ತಿಂಗಳು ಸಮಯ ಇದೆ ಅಂದಿದ್ದೀರಿ.

ನಾನು ತುಮಕೂರಿನಲ್ಲಿ ಐಸಿಟಿಸಿ (ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆಯ ಕೇಂದ್ರ) ಆಪ್ತ ಸಮಾಲೋಚಕಿಯಾಗಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಆಮೇಲೆ ಇದೇ ಅಂಕಿಅಂಶಗಳ ಕೆಲಸ ನೋಡಿಕೊಂಡೆ. ಹಾಗಾಗಿ ನೇರವಾಗಿ ಹೇಳುತ್ತೇನೆ. ಸೂತ್ರ ಸುಲಭ. ಸೋಂಕಿರುವವರನ್ನು ಮೇಲೆ ಬರೆದು, ಆ ಗುಂಪಿನ ಜನಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮುಗಿಯಿತು. ಆದರೆ ತುಮಕೂರಿನಷ್ಟು ದೊಡ್ಡ ಊರಿಗೆ ಜಾತಿವಾರು ಹೀಗೆ ಮಾಡಿದರೆ ಬರುವ ಸಂಖ್ಯೆಗೆ ಅರ್ಥ ಇರುವುದಿಲ್ಲ, ಅಪಾಯ ಮಾತ್ರ ಇರುತ್ತದೆ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ. ನಿಮ್ಮ ಪ್ರಾಜೆಕ್ಟ್‌ಗೆ ಬೇರೆ ದಾರಿಯೂ ಇದೆ, ಅದನ್ನೂ ಹೇಳುತ್ತೇನೆ.

ಮೊದಲು ಅಮೆರಿಕದಲ್ಲಿ ಹೇಗೆ ಮಾಡುತ್ತಾರೆ ನೋಡೋಣ. ಅಲ್ಲಿ ಯಾರಿಗಾದರೂ ಎಚ್‌ಐವಿ ಪಾಸಿಟಿವ್ ಬಂದರೆ ಲ್ಯಾಬ್ ಮತ್ತು ವೈದ್ಯರು ಆರೋಗ್ಯ ಇಲಾಖೆಗೆ ಹೆಸರಿನ ಸಮೇತ ಗುಟ್ಟಾಗಿ ವರದಿ ಮಾಡಬೇಕು. 2008ರ ಹೊತ್ತಿಗೆ ಅಲ್ಲಿನ ಎಲ್ಲಾ ರಾಜ್ಯಗಳೂ ಈ ಪದ್ಧತಿಗೆ ಬಂದವು. ಹೆಸರು ಇರುವುದರಿಂದ ಒಬ್ಬರನ್ನೇ ಎರಡು ಸಲ ಎಣಿಸುವ ತೊಂದರೆ ಕಡಿಮೆ. ವರದಿಯಲ್ಲಿ ಜನಾಂಗದ ಕಾಲಂ ಇರುತ್ತದೆ. ಅದೇ ಜನಾಂಗಗಳ ಜನಸಂಖ್ಯೆ ಜನಗಣತಿಯಿಂದ ಸಿಗುತ್ತದೆ. ಮೇಲಿನದೂ ಕೆಳಗಿನದೂ ಒಂದೇ ಗುಂಪಿನ ಪಟ್ಟಿ, ಭಾಗಿಸಿದರೆ ಆಯಿತು. 2009ರಲ್ಲಿ ವಾಷಿಂಗ್ಟನ್ ಡಿ.ಸಿ. ನಗರ ಹೀಗೆ ಹೊರತಂದ ವರದಿ ಜಗತ್ತಿನಾದ್ಯಂತ ಸುದ್ದಿಯಾಯಿತು. 12 ವರ್ಷ ದಾಟಿದ ನಿವಾಸಿಗಳಲ್ಲಿ ಕನಿಷ್ಠ ಶೇ 3ರಷ್ಟು ಮಂದಿಗೆ ಸೋಂಕು ಇತ್ತು. ಕಪ್ಪು ಜನರಲ್ಲಿ ಶೇ 4ಕ್ಕಿಂತ ಜಾಸ್ತಿ, ಬಿಳಿಯರಲ್ಲಿ ಶೇ 1.4ರ ಆಸುಪಾಸು, ಕಪ್ಪು ಗಂಡಸರನ್ನು ಮಾತ್ರ ತೆಗೆದುಕೊಂಡರೆ ಶೇ 6.5. 'ಕನಿಷ್ಠ' ಅಂದದ್ದು ಯಾಕೆಂದರೆ ಅದು ಪತ್ತೆಯಾದವರ ಲೆಕ್ಕ ಮಾತ್ರ. ಪತ್ತೆಯಾಗದವರಿಗೆ ಬೇರೆಯೇ ಅಂದಾಜು ಬೇಕು. ಪತ್ತೆಯಾದ ದಿನ ರಕ್ತದಲ್ಲಿ ಸಿಡಿ4 ಕಣಗಳು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು, ಎಚ್‌ಐವಿ ಇವನ್ನು ನಾಶ ಮಾಡುತ್ತದೆ) ಎಷ್ಟು ಇಳಿದಿದ್ದವು ಅನ್ನೋದನ್ನು ನೋಡಿ, ಸೋಂಕು ತಗುಲಿ ಎಷ್ಟು ಕಾಲವಾಗಿರಬಹುದು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಈ ಸಿಡಿ4 ವಿಷಯ ನೆನಪಿಟ್ಟುಕೊಳ್ಳಿ, ನಿಮ್ಮ ಪ್ರಾಜೆಕ್ಟ್‌ಗೆ ಬೇಕಾಗುತ್ತದೆ.

ಇನ್ನೊಂದು ಮಾತು. ಅಲ್ಲಿ ಕಪ್ಪು ಜನರಲ್ಲಿ ಸೋಂಕು ಜಾಸ್ತಿ ಇರುವುದಕ್ಕೆ ಅವರ ರಕ್ತವೋ ನಡತೆಯೋ ಕಾರಣ ಅಂತ ಅಂದುಕೊಳ್ಳುವವರು ಈಗಲೂ ಇದ್ದಾರೆ. ಅದು ತಪ್ಪು. ಒಂದು ಬಳಗದಲ್ಲಿ ಸೋಂಕು ಒಮ್ಮೆ ಜಾಸ್ತಿಯಾದ ಮೇಲೆ, ಆ ಬಳಗದೊಳಗೇ ಸಂಗಾತಿ ಹುಡುಕುವವರು ಬೇರೆಯವರಷ್ಟೇ ಜೋಪಾನವಾಗಿದ್ದರೂ ಅವರಿಗೆ ಸೋಂಕು ತಗುಲುವ ಸಾಧ್ಯತೆ ಹೆಚ್ಚು. ಅದರ ಮೇಲೆ ಬಡತನ, ವಿಮೆ ಇಲ್ಲದಿರುವುದು, ಜೈಲುವಾಸ, ಚಿಕಿತ್ಸೆ ತಡವಾಗುವುದು ಎಲ್ಲಾ ಸೇರುತ್ತದೆ.

ಈಗ ನಮ್ಮ ಊರಿಗೆ ಬನ್ನಿ. ಇಲ್ಲಿ ಅದೇ ಭಾಗಾಕಾರ ಮಾಡಲು ಹೊರಟರೆ ಮೇಲಿನ ಸಂಖ್ಯೆಯಲ್ಲೇ ತೊಂದರೆ ಶುರುವಾಗುತ್ತದೆ.

ಐಸಿಟಿಸಿ ಕೋಣೆ ನೋಡಿಲ್ಲದವರಿಗೆ ಹೇಳುತ್ತೇನೆ. ಒಂದು ಮೇಜು, ಎರಡು ಕುರ್ಚಿ, ಮುಚ್ಚಿಕೊಳ್ಳುವ ಬಾಗಿಲು, ಕಾಂಡೋಮ್ ಹಾಕುವುದನ್ನು ತೋರಿಸಲು ಇಟ್ಟ ಮರದ ಮಾಡೆಲ್, ಒಂದು ದಪ್ಪ ರಿಜಿಸ್ಟರ್. ಬಂದವರು ಮೊದಲು ಬಾಗಿಲ ಕಡೆ ನೋಡುತ್ತಾರೆ, ಆಮೇಲೆ ರಿಜಿಸ್ಟರ್ ಕಡೆ. ಪಾವಗಡದಿಂದ ಬೆಳಗಿನ ಬಸ್ಸು ಹತ್ತಿ ಬಂದ ಹೆಂಗಸು ವಿಳಾಸ ಕೇಳಿದರೆ ಬಟವಾಡಿ ಅಂತ ಬರೆಸುತ್ತಾರೆ. ಅಲ್ಲಿ ಅವರ ಅಕ್ಕನ ಮನೆ ಇರುತ್ತದೆ, ಅಷ್ಟೇ. 'ನಮ್ಮೂರಿನ ಆಸ್ಪತ್ರೆಯಲ್ಲಿ ಎಲ್ಲರಿಗೂ ನಾನು ಗೊತ್ತು ಮೇಡಂ' ಅನ್ನುತ್ತಾರೆ. ಹಾಗೆ ಬಂದವರು ಎಷ್ಟೋ ಜನ. ತುಮಕೂರು ನಗರದವರೇ ಆದವರು ಅದೇ ಕಾರಣಕ್ಕೆ 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿ, ಮಾತ್ರೆಯನ್ನೂ ಅಲ್ಲೇ ತೆಗೆದುಕೊಳ್ಳುತ್ತಾರೆ. ಹೀಗಾಗಿ ನಗರದ ಎಆರ್‌ಟಿ ಕೇಂದ್ರದ (ಎಚ್‌ಐವಿ ಮಾತ್ರೆ ಕೊಡುವ ಕೇಂದ್ರದ) ಪಟ್ಟಿಯಲ್ಲಿ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದವರು ಇರುತ್ತಾರೆ, ನಗರದ ಕೆಲವರು ಇರುವುದೇ ಇಲ್ಲ. ಈ ಪಟ್ಟಿಯನ್ನು ನಗರದ ಜನಸಂಖ್ಯೆಯಿಂದ ಭಾಗಿಸಿದರೆ ಏನು ಬರುತ್ತದೆ ಹೇಳಿ.

ಆ ಕೋಣೆಯಲ್ಲಿ ಜಾತಿ ಕೇಳಿದರೆ ಏನಾಗುತ್ತದೆ ಅನ್ನೋದನ್ನೂ ಯೋಚಿಸಿ. ನಮ್ಮ ಕಡೆ ಜಾತಿ ಹೇಳಿದರೆ ಬೀದಿ ಹೇಳಿದ ಹಾಗೆ, ಕೆಲವೊಮ್ಮೆ ಮನೆ ಹೇಳಿದ ಹಾಗೆ. ಜನ ಸುಳ್ಳು ಹೇಳುತ್ತಾರೆ ಅಥವಾ ಎದ್ದು ಹೋಗುತ್ತಾರೆ. ಎದ್ದು ಹೋದವರು ಮತ್ತೆ ಬರುವುದು ಕಾಯಿಲೆ ಜೋರಾದ ಮೇಲೆ.

ಇನ್ನು ಕೆಳಗಿನ ಸಂಖ್ಯೆ. 2011ರ ಜನಗಣತಿ ಪ್ರಕಾರ ತುಮಕೂರು ನಗರದ ಜನಸಂಖ್ಯೆ ಸುಮಾರು 3 ಲಕ್ಷ. ಆ ಗಣತಿಯಿಂದ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಧರ್ಮ ಇಷ್ಟರ ಲೆಕ್ಕ ಸಿಗುತ್ತದೆ. ಲಿಂಗಾಯತ, ಒಕ್ಕಲಿಗ, ಕುರುಬ, ಗೊಲ್ಲ ಎಂದು ವಾರ್ಡ್‌ವಾರು ಹುಡುಕಿದರೆ ಅದರಲ್ಲಿ ಸಿಗುವುದಿಲ್ಲ.

ಎರಡೂ ಸಂಖ್ಯೆ ಸರಿಯಾಗಿ ಸಿಕ್ಕವು ಅಂತಲೇ ಇಟ್ಟುಕೊಳ್ಳೋಣ. 2021ರ ರಾಷ್ಟ್ರೀಯ ಅಂದಾಜಿನಲ್ಲಿ ಎಚ್‌ಐವಿ ಸೋಂಕು ದೇಶದ ವಯಸ್ಕರಲ್ಲಿ ಶೇ 0.21, ಕರ್ನಾಟಕದಲ್ಲಿ ಶೇ 0.46. ನಗರದಲ್ಲಿ 15ರಿಂದ 49 ವರ್ಷದವರು 1.7 ಲಕ್ಷ ಎಂದುಕೊಂಡು, ರಾಜ್ಯದ ದರವನ್ನೇ ಹಾಕಿದರೆ 780 ಜನ ಆಗುತ್ತಾರೆ. (ಇದು ಲೆಕ್ಕ ಕಲಿಯಲು ಹಾಕಿದ ಸಂಖ್ಯೆ, ತುಮಕೂರಿನ ಅಂಕಿ ಅಂತ ದಯವಿಟ್ಟು ಎಲ್ಲೂ ಬರೆಯಬೇಡಿ.) ನಗರದಲ್ಲಿ ಶೇ 2ರಷ್ಟು ಇರುವ ಒಂದು ಸಣ್ಣ ಸಮುದಾಯ ತೆಗೆದುಕೊಳ್ಳಿ. ಅವರಲ್ಲಿ ಈ ವಯಸ್ಸಿನವರು 3,400, ಸೋಂಕಿರುವವರು 16 ಆಗಬೇಕು. ಬರೀ ಆಕಸ್ಮಿಕದಿಂದಲೇ ಆ 16 ಅನ್ನೋದು 8 ಆಗಬಹುದು, 24 ಆಗಬಹುದು. ಅಂದರೆ ನಿಜವಾದ ವ್ಯತ್ಯಾಸ ಏನೂ ಇಲ್ಲದೆಯೂ ಒಂದು ಸಮುದಾಯದಲ್ಲಿ ಇನ್ನೊಂದರ ಮೂರರಷ್ಟು ಸೋಂಕು ಇದ್ದಂತೆ ಕಾಣಬಹುದು. ಪತ್ರಿಕೆಯವರು ಅದನ್ನೇ ಹೆಡ್‌ಲೈನ್ ಮಾಡುತ್ತಾರೆ. ಆ ಸಮುದಾಯದ ಹುಡುಗಿಯರಿಗೆ ಗಂಡು ನೋಡುವಾಗ ಅದೇ ಮಾತು ಬರುತ್ತದೆ. ಹಾಸ್ಟೆಲಿನಲ್ಲಿ, ಬಾಡಿಗೆ ಮನೆಯಲ್ಲಿ ಬರುತ್ತದೆ.

'ಪಟ್ಟಿ ಬೇಡ, ನಾನೇ ಸರ್ವೆ ಮಾಡುತ್ತೇನೆ' ಅಂದರೆ ಅದೂ ನಡೆಯುವುದಿಲ್ಲ. ಶೇ 0.4ರಷ್ಟಿರುವ ಸೋಂಕನ್ನು 0.1 ಆಚೀಚೆಯೊಳಗೆ ಹಿಡಿಯಬೇಕಾದರೆ ಪ್ರತಿ ಗುಂಪಿಗೂ ಸುಮಾರು 15,300 ಜನರ ರಕ್ತ ಬೇಕು. ಐದು ಗುಂಪಾದರೆ 76,000 ದಾಟಿತು, ನಗರದ ನಾಲ್ಕನೇ ಒಂದು ಭಾಗ! ಒಂದು ಗುಂಪಿನಲ್ಲಿ 0.4, ಇನ್ನೊಂದರಲ್ಲಿ 0.6 ಇದೆ ಎಂದು ನೆಚ್ಚಿ ಹೇಳಬೇಕಾದರೆ ಒಂದೊಂದರಲ್ಲೂ 19,500 ಜನ ಬೇಕು. ನೀವೇ ಕ್ಯಾಲ್ಕುಲೇಟರ್ ಹಿಡಿದು ನೋಡಿ. ಜೊತೆಗೆ, ಒಂದೇ ಕಿಟ್ ಇಟ್ಟುಕೊಂಡು ಕ್ಯಾಂಪ್ ಮಾಡುವ ಯೋಚನೆ ಬಿಟ್ಟುಬಿಡಿ. ಸೋಂಕಿಲ್ಲದವರಲ್ಲಿ ಶೇ 99.5 ಮಂದಿಗೆ ಸರಿಯಾಗಿ ನೆಗೆಟಿವ್ ತೋರಿಸುವ ಕಿಟ್ ಆದರೂ, 10,000 ಜನರಲ್ಲಿ 46 ನಿಜವಾದ ಪಾಸಿಟಿವ್ ಜೊತೆ ಸುಮಾರು 50 ಸುಳ್ಳು ಪಾಸಿಟಿವ್ ಕೊಡುತ್ತದೆ. ಅರ್ಧಕ್ಕಿಂತ ಜಾಸ್ತಿ ಸುಳ್ಳು. ಅದಕ್ಕೇ ಐಸಿಟಿಸಿಯಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತವಾಗುವವರೆಗೆ ಯಾರಿಗೂ ಪಾಸಿಟಿವ್ ಅಂತ ಹೇಳುವುದಿಲ್ಲ.

ಹಾಗಾದರೆ ಸರ್ಕಾರ ಅಂದಾಜು ಮಾಡುವುದು ಹೇಗೆ? ಗರ್ಭಿಣಿಯರ ಕ್ಲಿನಿಕ್‌ಗಳನ್ನು ಆರಿಸಿಕೊಂಡು, ಒಂದೊಂದರಲ್ಲೂ ಸಾಲಾಗಿ ಬರುವ 400 ಜನರ ರಕ್ತವನ್ನು ಹೆಸರಿಲ್ಲದೆ ಪರೀಕ್ಷೆ ಮಾಡುತ್ತಾರೆ. ಲೈಂಗಿಕ ಕಾರ್ಯಕರ್ತೆಯರು, ಗಂಡಸರ ಜೊತೆ ಸಂಬಂಧ ಇರುವ ಗಂಡಸರು, ಚುಚ್ಚಿಕೊಂಡು ಮಾದಕವಸ್ತು ತೆಗೆದುಕೊಳ್ಳುವವರು, ಲಾರಿ ಚಾಲಕರು, ವಲಸೆ ಕಾರ್ಮಿಕರು ಇಂಥವರಲ್ಲಿ 250ರಂತೆ. ಇದನ್ನೆಲ್ಲಾ ಕಂಪ್ಯೂಟರ್ ಮಾದರಿಗೆ ಹಾಕಿ ರಾಜ್ಯದ ದರ ತೆಗೆಯುತ್ತಾರೆ. ಗುಂಪುಗಳನ್ನು ಮಾಡಿರುವುದು ಸೋಂಕು ಹರಡುವ ದಾರಿ ನೋಡಿ, ಜಾತಿ ನೋಡಿ ಅಲ್ಲ.

ಈ ವಿಧಾನವೂ ಒಮ್ಮೆ ದಾರಿ ತಪ್ಪಿದ್ದುಂಟು. ಅದು ನಿಮ್ಮಂಥ ವಿದ್ಯಾರ್ಥಿಗಳು ಓದಲೇಬೇಕಾದ ಪ್ರಸಂಗ. 2005ರವರೆಗೆ ದೇಶದಲ್ಲಿ 52 ಲಕ್ಷ ಸೋಂಕಿತರು ಇದ್ದಾರೆ ಅಂತ ಅಂದಾಜಿತ್ತು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಮನೆಗೆ ಹೋಗಿ 1 ಲಕ್ಷಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಮಾಡಿದರು. ದೇಶಕ್ಕೆ ಶೇ 0.28, ಕರ್ನಾಟಕಕ್ಕೆ ಶೇ 0.69 ಬಂತು. 2007ರಲ್ಲಿ ಅಂದಾಜನ್ನು 25 ಲಕ್ಷಕ್ಕೆ ಇಳಿಸಿದರು. ಸೋಂಕು ಅರ್ಧಕ್ಕೆ ಇಳಿದಿರಲಿಲ್ಲ, ಎಣಿಸಿದ ಜಾಗ ಬದಲಾಗಿತ್ತು. ಮೊದಲು ಎಣಿಸುತ್ತಿದ್ದದ್ದು ಆಸ್ಪತ್ರೆಗಳಲ್ಲಿ. ದೊಡ್ಡ ಸರ್ಕಾರಿ ಆಸ್ಪತ್ರೆಗೆ ಬರುವವರಲ್ಲಿ ಬಡವರು, ಬೇರೆ ಕಡೆಯಿಂದ ಕಳಿಸಿಕೊಟ್ಟ ರೋಗಿಗಳು ಜಾಸ್ತಿ. ಒಂದು ಅಗುಳು ಹಿಸುಕಿ ಅನ್ನ ಬೆಂದಿದೆ ಅಂತ ಹೇಳಬಹುದು, ಪಾತ್ರೆಯ ತುಂಬಾ ಒಂದೇ ಸಮನೆ ಬೆಂದಿದ್ದರೆ ಮಾತ್ರ. ಎಚ್‌ಐವಿ ಎಲ್ಲೂ ಒಂದೇ ಸಮನೆ ಇರುವುದಿಲ್ಲ.

ಜಾತಿಯನ್ನು ಕೇಳಲೇಬಾರದು ಅಂತ ನಾನು ಹೇಳುತ್ತಿಲ್ಲ. ನಮ್ಮ ನಾಡಿನಲ್ಲಿ ಜಾತಿ ಆರೋಗ್ಯದ ಮೇಲೆ ಪರಿಣಾಮ ಮಾಡುತ್ತದೆ, ಅದನ್ನು ಮುಚ್ಚಿಡುವುದೂ ಸರಿಯಲ್ಲ. ಆದರೆ ಸಂಖ್ಯೆಯ ಹಿಂದೆ ಏನಿದೆ ನೋಡಬೇಕು. ಬಾಗಲಕೋಟೆ, ಬೆಳಗಾವಿ ಕಡೆ ನೋಡಿ. ಬಾಗಲಕೋಟೆ ಜಿಲ್ಲೆಯಲ್ಲಿ 2003ರ ಸುಮಾರಿಗೆ ಮಾಡಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 3ರ ಹತ್ತಿರ ಸೋಂಕು ಕಂಡಿತ್ತು. ಆ ಭಾಗದಲ್ಲಿ ದೇವದಾಸಿ ಪದ್ಧತಿ ಇತ್ತು. 1982ರಲ್ಲಿ ಕಾನೂನು ಬಂದ ಮೇಲೂ ಪೂರ್ತಿ ನಿಲ್ಲಲಿಲ್ಲ. ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ದಲಿತ ಮನೆಗಳವರು. ಅಲ್ಲಿ ಜಾತಿವಾರು ಕೋಷ್ಟಕ ಮಾಡಿದರೆ ದಲಿತರ ಸಾಲು ಎದ್ದು ಕಾಣಬಹುದು. ಕೋಷ್ಟಕ ಮಾತ್ರ ನೋಡಿದವನು ಆ ಜಾತಿಯ ಕಡೆ ಬೆರಳು ತೋರಿಸುತ್ತಾನೆ. ಬೆರಳು ತೋರಿಸಬೇಕಾದ್ದು ಆ ಪದ್ಧತಿಯ ಕಡೆ. ವಾಷಿಂಗ್ಟನ್ನಿನ ಕಥೆಯೂ ಇದೇ ಅಲ್ವಾ?

ಈಗ ನಿಮ್ಮ ಪ್ರಾಜೆಕ್ಟ್. 'ಯಾರಲ್ಲಿ ಎಷ್ಟು' ಅನ್ನೋ ಪ್ರಶ್ನೆ ಬಿಟ್ಟು 'ಯಾರು ತಡವಾಗಿ ಬರುತ್ತಿದ್ದಾರೆ' ಅಂತ ಕೇಳಿ. ಎಆರ್‌ಟಿಗೆ ಸೇರುವಾಗ ಮೊದಲ ಸಿಡಿ4 ಎಣಿಕೆ ಮಾಡುತ್ತಾರೆ. 200ಕ್ಕಿಂತ ಕೆಳಗಿದ್ದರೆ ಕಾಯಿಲೆ ಜೋರಾಗಿದೆ, ಟಿಬಿಯಂಥವು ಹಿಡಿದುಕೊಳ್ಳುವ ಹಂತ. ಹೊಸದಾಗಿ ಸೇರಿದವರಲ್ಲಿ ಎಷ್ಟು ಮಂದಿ ಈ ಹಂತದಲ್ಲಿ ಬಂದರು ಅನ್ನೋದಕ್ಕೆ ಊರಿನ ಜನಸಂಖ್ಯೆಯ ಹಂಗೇ ಬೇಡ. ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ ಎರಡೂ ಒಂದೇ ರಿಜಿಸ್ಟರಿನಲ್ಲಿವೆ. ಬಟವಾಡಿ ಅಂತ ಸುಳ್ಳು ವಿಳಾಸ ಬರೆಸಿದವರಿಂದಲೂ ಮುಖ್ಯ ಲೆಕ್ಕ ಕೆಡುವುದಿಲ್ಲ. ಗಂಡು-ಹೆಣ್ಣು, ವಯಸ್ಸು, ಓದು, ಕೆಲಸ ಎಂದು ಹೋಲಿಸಿ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಬರುವವರು, ಹೆದ್ದಾರಿಯಲ್ಲಿ ಲಾರಿ ಓಡಿಸುವವರು, ಗಂಡ ಸತ್ತ ಮೇಲೆ ಪರೀಕ್ಷೆಗೆ ಬಂದ ಹೆಂಗಸರು, ಬಸುರಿ ತಪಾಸಣೆಯಲ್ಲಿ ಪತ್ತೆಯಾದವರು, ಇವರಲ್ಲಿ ವ್ಯತ್ಯಾಸ ಇರುತ್ತದೆ. ಇಲ್ಲಿ ಶೇಕಡಾ ದೊಡ್ಡದಿರುವುದರಿಂದ ಕೆಲವು ನೂರು ಜನರ ದಾಖಲೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಬರುವ ಉತ್ತರದಿಂದ ಜಿಲ್ಲೆಯವರು ಏನಾದರೂ ಮಾಡಬಹುದು. ಪರೀಕ್ಷೆಯ ಗಾಡಿಯನ್ನು ಯಾವ ಕಡೆ ಕಳಿಸಬೇಕು, ಯಾವ ಹೊತ್ತಿನಲ್ಲಿ ಕಳಿಸಬೇಕು ಅಂತ ತೀರ್ಮಾನಿಸಬಹುದು.

ದಾಖಲೆ ಸುಮ್ನೆ ಸಿಗುವುದಿಲ್ಲ, ಸಿಗಲೂಬಾರದು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವಂತಿಲ್ಲ. ಪರಿಚಯದ ಸಿಬ್ಬಂದಿ ಹತ್ತಿರ ರಿಜಿಸ್ಟರಿನ ಫೋಟೋ ಕೇಳುವ ಕೆಲಸ ಯಾವತ್ತೂ ಮಾಡಬೇಡಿ. ಮೊದಲು ಕಾಲೇಜಿನ ನೈತಿಕ ಸಮಿತಿಗೆ ಅರ್ಜಿ ಹಾಕಿ. ಆಮೇಲೆ ಜಿಲ್ಲಾ ಏಡ್ಸ್ ನಿಯಂತ್ರಣ ಘಟಕದ ಮೂಲಕ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಗೆ ಬರೆಯಿರಿ. ಹೆಸರು, ಊರು, ಫೋನ್ ನಂಬರ್ ತೆಗೆದ ದಾಖಲೆ ಮಾತ್ರ ಸಾಕು ಅಂತ ಅರ್ಜಿಯಲ್ಲೇ ಹೇಳಿ. ಕೋಷ್ಟಕದ ಯಾವುದೇ ಚೌಕದಲ್ಲಿ 10ಕ್ಕಿಂತ ಕಡಿಮೆ ಜನ ಬಂದರೆ ಆ ಸಂಖ್ಯೆ ಅಚ್ಚು ಮಾಡುವುದಿಲ್ಲ ಅಂತಲೂ ಬರೆಯಿರಿ. ಅನುಮತಿಗೆ ಸಮಯ ಹಿಡಿಯುತ್ತದೆ, ಆದ್ದರಿಂದ ಈ ವಾರವೇ ಶುರು ಮಾಡಿ. ಎರಡು ಪುಟದ ಕರಡು ಸಿದ್ಧವಾದರೆ ಇಲ್ಲೇ ಕೆಳಗೆ ಹಾಕಿ, ಓದಿ ಹೇಳುತ್ತೇನೆ.