ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ, ಹಾರಾಟದ ಸಮಯ ಲೆಕ್ಕ ಹಾಕುವುದು ಹೇಗೆ?
ಚಪ್ಪಟೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಭೂಮಿ ಗುಂಡಗಿರುವುದರಿಂದ ಅತಿ ಹತ್ತಿರದ ದಾರಿ ನಕ್ಷೆಯಲ್ಲಿ ಬಾಗಿದಂತೆ ಕಾಣುತ್ತದೆ. ಅದರ ಉದ್ದವೇ ಮಹಾವೃತ್ತದ (ಭೂಮಿಯ ಕೇಂದ್ರವನ್ನೇ ಕೇಂದ್ರವಾಗಿಟ್ಟುಕೊಂಡ ವೃತ್ತದ) ದೂರ.

ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ತೆಗೆದುಕೊಳ್ಳಿ. ಅವುಗಳ ನಡುವೆ ಭೂಮಿಯ ಕೇಂದ್ರದಲ್ಲಿ ಉಂಟಾಗುವ ಕೋನದ ಸೂತ್ರ ಹೀಗಿದೆ:

ಕಾಸ್(ಕೋನ) = ಸೈನ್(ಅಕ್ಷಾಂಶ1) × ಸೈನ್(ಅಕ್ಷಾಂಶ2) + ಕಾಸ್(ಅಕ್ಷಾಂಶ1) × ಕಾಸ್(ಅಕ್ಷಾಂಶ2) × ಕಾಸ್(ರೇಖಾಂಶಗಳ ವ್ಯತ್ಯಾಸ)

ಬಂದ ಉತ್ತರಕ್ಕೆ ವಿಲೋಮ ಕಾಸ್ (ACOS) ಹಾಕಿದರೆ ಕೋನ ಸಿಗುತ್ತದೆ. ಸಿಕ್ಕ ಕೋನ ಡಿಗ್ರಿಯಲ್ಲಿದ್ದರೆ 111.2ರಿಂದ, ರೇಡಿಯನ್‌ನಲ್ಲಿದ್ದರೆ (ಕೋನ ಅಳೆಯುವ ಇನ್ನೊಂದು ಮಾನ) 6371ರಿಂದ ಗುಣಿಸಿ, ಕಿಲೋಮೀಟರ್ ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: ಸ್ಪ್ರೆಡ್‌ಶೀಟ್‌ಗಳು ರೇಡಿಯನ್ ಕೇಳುತ್ತವೆ, ನಾವು ಡಿಗ್ರಿ ಕೊಟ್ಟಿರುತ್ತೇವೆ. ದಕ್ಷಿಣ ಅಕ್ಷಾಂಶಕ್ಕೂ ಪಶ್ಚಿಮ ರೇಖಾಂಶಕ್ಕೂ ಋಣ ಚಿಹ್ನೆ ಹಾಕಲೇಬೇಕು.

ಉದಾಹರಣೆಗೆ, ಎರಡೂ ಸ್ಥಳ 60° ಉತ್ತರದಲ್ಲಿದ್ದು ರೇಖಾಂಶ 90° ದೂರವಿದ್ದರೆ ಕೋನ 41.4°, ಅಂದರೆ ಸುಮಾರು 4,600 ಕಿ.ಮೀ. ಅದೇ ಅಕ್ಷಾಂಶದ ಗೆರೆ ಹಿಡಿದು ಹೋದರೆ 5,000 ಕಿ.ಮೀ. ಆಗುತ್ತದೆ.

ಸಮಯಕ್ಕೆ, ದೂರವನ್ನು ಜೆಟ್ ವಿಮಾನದ ವೇಗ ಗಂಟೆಗೆ 850 ಕಿ.ಮೀ.ಯಿಂದ ಭಾಗಿಸಿ, ಏರುವುದು, ಇಳಿಯುವುದು, ರನ್‌ವೇವರೆಗಿನ ಓಡಾಟಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸೇರಿಸಿ. ಮೇಲಿನ ದೂರಕ್ಕೆ ಸುಮಾರು 6 ಗಂಟೆ. ಮಧ್ಯ ಅಕ್ಷಾಂಶಗಳಲ್ಲಿ ಜೆಟ್ ಸ್ಟ್ರೀಮ್ ಎಂಬ ಎತ್ತರದ ವೇಗದ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಪೂರ್ವಕ್ಕೆ ಹೋಗುವಾಗ ಬೇಗ, ಮರಳುವಾಗ ತಡ.

ಟಿಕೆಟ್‌ನ ಸಮಯಗಳು ಆಯಾ ಊರಿನ ಸ್ಥಳೀಯ ಸಮಯ. ಎರಡನ್ನೂ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯಕ್ಕೆ) ಬದಲಿಸಿದ ಮೇಲೆಯೇ ಕಳೆಯಿರಿ.